ಅಜ್ಜನ ದುಡಿಮೆ, ಅಜ್ಜನ ದೇವರು: ತೋಟದ ಮನೆಗಳ ಕಿರಿಯರಿಗೆ ಒಂದು ಬಹಿರಂಗ ಪತ್ರ

ಉತ್ತರ ಕನ್ನಡದ ಘಟ್ಟದ ಮೇಲಣ ಅಡಿಕೆ ತೋಟದ ಮನೆಗಳಲ್ಲಿ ಹುಟ್ಟಿ, ಇಂದು ಬೆಂಗಳೂರು, ಪುಣೆ, ಮುಂಬಯಿಗಳಲ್ಲಿಯೂ ಸಮುದ್ರದಾಚೆಯ ದೇಶಗಳಲ್ಲಿಯೂ ನೆಲಸಿರುವ ಪ್ರಿಯ ಕಿರಿಯರಿಗೆ,



ಹಿರಿಯರೊಬ್ಬರು ಕಾಲವಾಗಿ ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ, ಅವರು ಬಾಳಿದ ಎಪ್ಪತ್ತೆಂಬತ್ತು ವರ್ಷಗಳ ಬದುಕೆಲ್ಲ ಮನೆಯವರ ನಾಲಗೆಯ ಮೇಲೆ ಎರಡೇ ಮಾತಿಗೆ ಇಳಿದುಬಿಡುವುದನ್ನು ನಾನು ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ಕಂಡಿದ್ದೇನೆ: “ಬಹಳ ಕಷ್ಟಪಟ್ಟು ದುಡಿದವರು, ಬಹಳ ದೈವಭಕ್ತರು.” ಈ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಎಲ್ಲ ಹಿರಿಯರಿಗೂ ಸಮನಾಗಿ ಸಲ್ಲುವ ಪ್ರಶಂಸೆಯು ಯಾವ ಒಬ್ಬ ಹಿರಿಯನನ್ನೂ ನಮ್ಮ ಕಣ್ಣೆದುರಿಗೆ ತಂದು ನಿಲ್ಲಿಸಲಾರದು. ದುಡಿಮೆಯೆಂದರೆ ಯಾವ ದುಡಿಮೆ, ಯಾವ ಋತುವಿನಲ್ಲಿ, ಯಾರ ಜೊತೆಯಲ್ಲಿ; ಭಕ್ತಿಯೆಂದರೆ ಯಾವ ಭಕ್ತಿ, ಅದು ದೇವರ ಕೋಣೆಯ ಹೊಸ್ತಿಲನ್ನು ದಾಟಿ ಎಷ್ಟು ದೂರ ನಡೆಯಿತು ಎಂಬುದನ್ನು ವಿಚಾರಿಸದೆ, ಗೋಡೆಯ ಮೇಲಣ ಭಾವಚಿತ್ರಕ್ಕೆ ವರ್ಷಕ್ಕೊಮ್ಮೆ ಹಾರ ಹಾಕಿದಷ್ಟರಿಂದಲೇ ಸ್ಮರಣೆಯ ಕರ್ತವ್ಯ ತೀರುವುದಿಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಅದಕ್ಕಾಗಿ ಈ ಪತ್ರ.

ಈಗಲೇ ಇದನ್ನು ಬರೆಯುವುದಕ್ಕೆ ಕಾರಣವೂ ಉಂಟು. ನಿಮ್ಮಲ್ಲಿ ಹಲವರು ನಿಮ್ಮ ಹಿಸ್ಸೆಗೆ ಬಂದ ತೋಟವನ್ನು ಇಟ್ಟುಕೊಳ್ಳುವುದೋ ಮಾರುವುದೋ ಎಂಬ ಚಿಂತೆಯಲ್ಲಿದ್ದೀರಿ. ನಮ್ಮಂತಹ ಮುದುಕರನ್ನು ಕೇಳುತ್ತಲೂ ಇದ್ದೀರಿ. ತೋಟದ ಬೆಲೆಯನ್ನು ಹೇಳುವವರು ಪೇಟೆಯಲ್ಲಿ ಬೇಕಾದಷ್ಟು ಜನರಿದ್ದಾರೆ. ಅದನ್ನು ಉಳಿಸಿ ನಿಮ್ಮ ಕೈಗೆ ಕೊಟ್ಟವರು ಹೇಗೆ ಬಾಳಿದರೆಂಬುದನ್ನು ಹೇಳಬಲ್ಲವರ ಸಂಖ್ಯೆ ಮಾತ್ರ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ. ಆದಕಾರಣ ನಾನು ಬಲ್ಲ ಒಬ್ಬರ ಬದುಕನ್ನು, ನನ್ನ ಅಜ್ಜನ ಬದುಕನ್ನು, ನಿಮ್ಮ ಮುಂದೆ ಇಡುತ್ತೇನೆ. ಅವರ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಒಂದು ಮನೆತನದ ಕೀರ್ತಿಯನ್ನು ಸಾರುವುದು ನನ್ನ ಉದ್ದೇಶವಲ್ಲ. ನಿಮ್ಮ ನಿಮ್ಮ ಅಜ್ಜಂದಿರ ಹೆಸರನ್ನು ನೀವೇ ಆ ಸ್ಥಳದಲ್ಲಿ ಇಟ್ಟುಕೊಂಡು ಓದಿರಿ, ಹೆಚ್ಚು ವ್ಯತ್ಯಾಸವಾಗಲಾರದು.

ಕಳೆದ ಶತಮಾನದ ಮೊದಲ ದಶಕದಲ್ಲಿ, ಅಘನಾಶಿನಿಗೆ ಹರಿದು ಸೇರುವ ಒಂದು ಹಳ್ಳದ ಇಕ್ಕೆಲದ ಕಣಿವೆಯಲ್ಲಿ ಅವರು ಹುಟ್ಟಿದರು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತದೊಳಗಿತ್ತು. ವರ್ಷಕ್ಕೆ 100 ಅಂಗುಲಕ್ಕೆ ಕಡಮೆಯಿಲ್ಲದೆ ಮಳೆ ಸುರಿಯುವ ಆ ಘಟ್ಟದ ಅಂಚಿನಲ್ಲಿ, ಎರಡು ಗುಡ್ಡಗಳ ನಡುವಣ ತಂಪಾದ ಇಕ್ಕಟ್ಟಿನಲ್ಲಿ ಅಡಿಕೆ, ಅದರ ಮೈಯನ್ನು ತಬ್ಬಿಕೊಂಡು ಮೆಣಸಿನ ಬಳ್ಳಿ, ನೆರಳಿನಲ್ಲಿ ಏಲಕ್ಕಿ, ನಡುನಡುವೆ ಬಾಳೆ, ಹೀಗೆ ಒಂದರ ಆಶ್ರಯದಲ್ಲಿ ಇನ್ನೊಂದು ಬೆಳೆಯುವ ತೋಟ. ತೋಟದ ಕೆಳಗೆ ಒಂದಿಷ್ಟು ಗದ್ದೆ. ತೋಟದ ಮೇಲೆ ಸೊಪ್ಪಿನ ಬೆಟ್ಟ. ನೋಡುವವರ ಕಣ್ಣಿಗೆ ಅದು ಸಮೃದ್ಧಿಯ ಚಿತ್ರ. ಆದರೆ ಇಪ್ಪತ್ತು ತುಂಬುವುದಕ್ಕೆ ಮೊದಲೇ ತಂದೆಯನ್ನು ಕಳೆದುಕೊಂಡು ಮನೆಯ ಯಜಮಾನಿಕೆಯನ್ನು ಹೊತ್ತ ಆ ಹುಡುಗನಿಗೆ ಪಿತ್ರಾರ್ಜಿತವಾಗಿ ಬಂದದ್ದು ತೋಟಕ್ಕಿಂತ ಹೆಚ್ಚಾಗಿ ತೋಟದ ಮೇಲಣ ಸಾಲ. ಆ ಕಾಲದಲ್ಲಿ ಅಡಿಕೆ ಬೆಳೆದವನಿಗೆ ಅಡಿಕೆಯ ದರವನ್ನು ನಿಶ್ಚಯಿಸುವ ಅಧಿಕಾರವಿರಲಿಲ್ಲ. ಮಳೆಗಾಲದ ಖರ್ಚಿಗೆ ವ್ಯಾಪಾರಿಯಿಂದ ಮುಂಗಡ ತರುವುದು, ಆ ಮುಂಗಡಕ್ಕೆ ಬೆಳೆಯನ್ನೇ ಒಪ್ಪಿಸುವುದು, ಒಪ್ಪಿಸಿದ ಮೇಲೂ ಉಳಿದ ಬಾಕಿಗೆ ಬಡ್ಡಿ ಬೆಳೆಸುವುದು ಎಂಬ ಚಕ್ರದೊಳಗೆ ಎಷ್ಟೋ ಮನೆಗಳು ತಲೆಮಾರುಗಟ್ಟಲೆ ತಿರುಗುತ್ತಿದ್ದುವು.

1923ರಲ್ಲಿ ಶಿರಸಿಯಲ್ಲಿ ತೋಟಗಾರರು ಒಟ್ಟುಗೂಡಿ ತಮ್ಮದೇ ಆದ ಸಹಕಾರಿ ಮಾರಾಟ ಸಂಘವನ್ನು ಸ್ಥಾಪಿಸಿದರು. ನೀವು ಇಂದು ಟಿ.ಎಸ್.ಎಸ್. ಎಂದು ಕರೆಯುವುದು ಅದನ್ನೇ. ವ್ಯಾಪಾರಿಯ ಬಾಗಿಲನ್ನು ಬಿಟ್ಟು ಸಂಘದ ಬಾಗಿಲಿಗೆ ಅಡಿಕೆಯನ್ನು ಕೊಂಡೊಯ್ಯುವುದು ಈಗ ಕೇಳುವುದಕ್ಕೆ ಸುಲಭವಾದ ಮಾತು. ಸಾಲದಲ್ಲಿದ್ದ ಮನೆಗೆ ಆಗ ಅದು ಧೈರ್ಯದ ಕೆಲಸ. ಅಜ್ಜ ಯಜಮಾನಿಕೆ ವಹಿಸಿದ ಕೆಲವೇ ವರ್ಷಗಳಲ್ಲಿ ಆ ಧೈರ್ಯವನ್ನು ಮಾಡಿದರು. ಅಡಿಕೆಯ ಬಗೆಗಳಲ್ಲಿ ರಾಶಿಯನ್ನು ರಾಶಿಯೆಂದು, ಬೆಟ್ಟೆಯನ್ನು ಬೆಟ್ಟೆಯೆಂದು, ಗೋಟನ್ನು ಗೋಟೆಂದು ಬೇರೆ ಬೇರೆ ಚೀಲ ಮಾಡಿ, ಮೇಲೊಂದು ಒಳಗೊಂದು ಇಡದೆ ಕಳುಹಿಸಬೇಕೆಂಬುದು ಅವರ ಕಟ್ಟುನಿಟ್ಟು. ಹಳೆಯ ಸಾಲವನ್ನು ತೀರಿಸುವುದಕ್ಕೆ ಅವರಿಗೆ ಅನೇಕ ವರ್ಷಗಳೇ ಹಿಡಿದುವು. ಕೊನೆಯ ಕಂತು ಸಲ್ಲುವಷ್ಟರಲ್ಲಿ ಸಾಲ ಕೊಟ್ಟವನು ತೀರಿಕೊಂಡಿದ್ದ. ಕಾಗದಪತ್ರ ಎಲ್ಲಿ ಹೋಯಿತೆಂದು ಆತನ ಮಗನಿಗೆ ತಿಳಿದಿರಲಿಲ್ಲ. ಅಜ್ಜ ತಮ್ಮ ಕಿರ್ದಿ ಪುಸ್ತಕವನ್ನೇ ಕಂಕುಳಲ್ಲಿಟ್ಟುಕೊಂಡು ಹೋಗಿ, ಬಾಕಿ ಇಷ್ಟೆಂದು ತಾವೇ ತೋರಿಸಿ, ಎಣಿಸಿ ಕೊಟ್ಟು ಬಂದರು. ಆ ಪುಟ ಈಗಲೂ ನಮ್ಮ ಮನೆಯಲ್ಲಿದೆ. ಹಣ ಸಂದದ್ದರ ಮುಂದೆ ಅವರು ಬರೆದಿರುವುದು ಒಂದೇ ಪದ: “ಋಣಮುಕ್ತ.”

ಭಕ್ತಿಯ ವಿಷಯಕ್ಕೆ ಬರುತ್ತೇನೆ. ಬೆಳಗಿನ ಜಾವಕ್ಕೆ ಏಳುವುದು, ಬಚ್ಚಲ ಒಲೆ ಹೊತ್ತುವುದಕ್ಕೆ ಕಾಯದೆ ತಣ್ಣೀರಿನಲ್ಲಿಯೇ ಮಿಂದು ಸಂಧ್ಯಾವಂದನೆಗೆ ಕೂರುವುದು, ಬೆಳಕು ಹರಿಯುವಷ್ಟರಲ್ಲಿ ತೋಟಕ್ಕಿಳಿದು ಒಂದು ಸುತ್ತು ಬರುವುದು, ಬರುವಾಗ ಹೂವು ತುಳಸಿಗಳನ್ನು ಕೊಯ್ದು ತರುವುದು, ಬಳಿಕ ಸಾಲಿಗ್ರಾಮಕ್ಕೆ ರುದ್ರಾಭಿಷೇಕದೊಡನೆ ಪೂಜೆ, ಇದು ಅವರ ನಿತ್ಯಕ್ರಮ. ಜ್ವರ ಬಂದ ದಿನವೂ ಅದು ತಪ್ಪಿದ್ದನ್ನು ನಾನು ಕಂಡಿಲ್ಲ. ಏಕಾದಶಿಗೆ ಉಪವಾಸ, ಸ್ವರ್ಣವಲ್ಲಿಯ ಮಠಕ್ಕೆ ವರ್ಷಕ್ಕೊಮ್ಮೆ ನಡೆದೇ ಹೋಗುವುದು, ಮಳೆಗಾಲದ ಸಂಜೆ ಜಗಲಿಯಲ್ಲಿ ಕುಮಾರವ್ಯಾಸನನ್ನು ಗಟ್ಟಿಯಾಗಿ ಓದುವುದು, ಅಕ್ಕಪಕ್ಕದ ಮನೆಯವರು ಕಂಬಳಿ ಕೊಪ್ಪೆ ಹೊದ್ದು ಬಂದು ಕೇಳುವುದು. ಇದರಲ್ಲಿ ಅಸಾಧಾರಣವಾದದ್ದೇನೂ ಇಲ್ಲ. ಅಂದಿನ ಹಿರಿಯರಲ್ಲಿ ನೂರಾರು ಜನ ಹೀಗೆಯೇ ಇದ್ದರು. ಅಜ್ಜನ ವೈಶಿಷ್ಟ್ಯ ಕಾಣುತ್ತಿದ್ದುದು ದುಡಿಮೆ ಮತ್ತು ಪೂಜೆಗಳು ಪರಸ್ಪರ ಎದುರಾದ ಗಳಿಗೆಯಲ್ಲಿ. ಅಂತಹ ಗಳಿಗೆ ನಮ್ಮ ತೋಟಗಳಿಗೆ ವರ್ಷವರ್ಷವೂ ಬರುತ್ತದೆ. ಅದರ ಹೆಸರು ಕೊಳೆರೋಗ.

ನಿಮ್ಮಲ್ಲಿ ಕೆಲವರು ಅದನ್ನು ಕಂಡಿರಲಿಕ್ಕಿಲ್ಲವಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಆರಿದ್ರಾ ಪುನರ್ವಸುಗಳ ಮಳೆ ಬಿಡದೆ ಹಿಡಿದಾಗ, ಗಾಳಿಯಲ್ಲಿ ನೀರೇ ತುಂಬಿಕೊಂಡಿರುವಾಗ, ಎಳೆಯ ಕಾಯಿಗಳ ಮೇಲೆ ಕಡು ಹಸುರಿನ ಒದ್ದೆ ಕಲೆ ಕಾಣಿಸಿಕೊಳ್ಳುತ್ತದೆ. ಕೆಲವು ದಿನಗಳಲ್ಲಿ ಕಾಯಿಗಳು ಬಿಳಿಯ ಬೂಸಲು ಹಿಡಿದು ಕೊಳೆತು ಮರದ ಬುಡದಲ್ಲಿ ಹಾಸಿದಂತೆ ಉದುರುತ್ತವೆ. ಒಂದು ವರ್ಷದ ಅನ್ನ ಒಂದು ಪಕ್ಷದಲ್ಲಿ ಮಣ್ಣುಪಾಲು. ಹಿಂದಿನವರು ಮಳೆಗೆ ಮುಂಚೆ ಅಡಿಕೆಯ ಒಂದೊಂದು ಕೊನೆಗೂ ಕೊಟ್ಟೆಯೆಂಬ ಹೊದಿಕೆ ಕಟ್ಟಿ ನೀರು ತಾಗದಂತೆ ಕಾಯುತ್ತಿದ್ದರು, ಪ್ರಾರ್ಥನೆ ಮಾಡುತ್ತಿದ್ದರು, ತೋಟದ ಚೌಡಿಗೆ ಕಾಯಿ ಒಡೆಸುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ವಿಜ್ಞಾನಿಯು ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಅಭ್ಯಸಿಸಿ, ಫ್ರಾನ್ಸಿನ ಬೋರ್ಡೊ ಪ್ರಾಂತದ ದ್ರಾಕ್ಷಿ ಬೆಳೆಗಾರರು ಬಳಸುತ್ತಿದ್ದ ಮೈಲುತುತ್ತ ಮತ್ತು ಸುಣ್ಣದ ದ್ರಾವಣವು ಇದಕ್ಕೂ ಸಲ್ಲುವುದೆಂಬುದನ್ನು ತೋರಿಸಿಕೊಟ್ಟನು. ಮುಂದೆ ಆ ಮದ್ದು ಘಟ್ಟದುದ್ದಕ್ಕೂ ಹಬ್ಬಿ ನಮ್ಮ ಕಡೆಗೂ ಬಂದಿತು. ಇಂದಿನ ಅಳತೆಯಲ್ಲಿ ಹೇಳುವುದಾದರೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು. ಎರಡನ್ನೂ ಬೇರೆ ಬೇರೆಯಾಗಿ ಕರಗಿಸಿ ಕೂಡಿಸಬೇಕು. ಕೂಡಿಸಿದ ಮೇಲೆ ಒಂದು ಹರಿತವಾದ ಚೂರಿಯ ಅಲಗನ್ನು ಅದರಲ್ಲಿ ಅದ್ದಿ ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ.

ಊರಿನಲ್ಲಿ ಈ ಮದ್ದನ್ನು ಸಂಶಯದಿಂದ ನೋಡಿದವರು ಕಡಿಮೆಯಿರಲಿಲ್ಲ. ದೇವರ ನೈವೇದ್ಯಕ್ಕೆ ಸಲ್ಲುವ ಫಲದ ಮೇಲೆ ವಿಷವನ್ನು ಎರಚುವುದು ಸರಿಯೇ ಎಂದು ಕೇಳಿದ ವೈದಿಕರೂ ಇದ್ದರು. ಅಜ್ಜ ಅವರೊಡನೆ ವಾದಕ್ಕೆ ಹೋಗಲಿಲ್ಲ, ಮದ್ದು ಹೊಡೆಸಿದರು. ಮಳೆ ಒಂದು ಗಳಿಗೆ ಬಿಡುವು ಕೊಟ್ಟಿತೆಂದರೆ ಅವರು ಅಭಿಷೇಕದ ನಡುವಿನಿಂದ ಎದ್ದು ಬಂದದ್ದುಂಟು. ರುದ್ರವನ್ನು ತೋಟದಲ್ಲಿಯೇ, ದ್ರಾವಣದ ಡ್ರಮ್ಮಿನ ಪಕ್ಕದಲ್ಲಿ ನಿಂತು ಮುಗಿಸಿದ್ದುಂಟು. ಚೂರಿಯ ಪರೀಕ್ಷೆಯನ್ನು ಮಾತ್ರ ಆಳಿಗೂ ಮಕ್ಕಳಿಗೂ ಬಿಡದೆ ತಾವೇ ಮಾಡುತ್ತಿದ್ದರು. ದೇವರಿಗೆ ಬೇಸರವಾಗದೇ ಎಂದು ಬಾಲಬುದ್ಧಿಯಲ್ಲಿ ನಾನು ಕೇಳಿದಾಗ ಅವರು ಕೊಟ್ಟ ಉತ್ತರ ನಮ್ಮ ಮನೆಮಾತಿನಲ್ಲಿಯೇ ನೆನಪಿದೆ: “ದೇವರು ಕಾಯ್ತ, ತಮಾ; ಮದ್ದು ಹೊಡೆಯ ಕೆಲಸ ನಮ್ದು. ನಮ್ಮ ಕೆಲಸಾನೂ ಅವನೇ ಮಾಡವು ಹೇಳಿರೆ ಅದು ಭಕ್ತಿ ಅಲ್ಲ.” ಕರ್ಮಯೋಗದ ಮೇಲೆ ಬಂದ ಅನೇಕ ಭಾಷ್ಯಗಳನ್ನು ಆಮೇಲೆ ನಾನು ಓದಿದೆ, ಕಾಯಕವನ್ನೇ ಪೂಜೆಯೆಂದು ಭಾವಿಸಿದ ಹನ್ನೆರಡನೆಯ ಶತಮಾನದ ಶರಣರನ್ನೂ ಓದಿದೆ. ಓದಿದ ಯಾವುದೂ ನನಗೆ ಹೊಸದೆನ್ನಿಸಲಿಲ್ಲ. ತನ್ನ ಪಾಲಿನ ಕೆಲಸವನ್ನು ಹೊತ್ತಿಗೆ ಸರಿಯಾಗಿ, ಕಣ್ಣು ತಪ್ಪಿಸದೆ ಮಾಡಿ ಮುಗಿಸಿದವನಿಗೆ ಮಾತ್ರ ದೇವರ ಎದುರು ಕೈಮುಗಿದು ನಿಲ್ಲುವ ಯೋಗ್ಯತೆ ಬರುತ್ತದೆ ಎಂಬ ಒಂದೇ ಸೂತ್ರದ ಮೇಲೆ ಆ ಬದುಕೆಲ್ಲ ನಿಂತಿತ್ತು.

ಸುಗ್ಗಿಯ ದಿನಗಳಲ್ಲಿ ಈ ಸೂತ್ರ ಮನುಷ್ಯರ ವಿಷಯಕ್ಕೂ ಸಲ್ಲುತ್ತಿತ್ತು. ಕೊನೆಗೌಡನು ಮರವೇರಿ, ಒಂದು ಮರದ ತಲೆಯಿಂದ ಇನ್ನೊಂದಕ್ಕೆ ಬಾಗಿ ಹಿಡಿದು ದಾಟುತ್ತ, ಕೊಯ್ದ ಕೊನೆಯನ್ನು ಹಗ್ಗದ ಮೇಲೆ ಜಾರಿಬಿಡುವ ಹೊತ್ತಿನಲ್ಲಿ ಅಜ್ಜ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಕೆಳಗೆ ನಿಂತು ಮೇಲೆಯೇ ಕಣ್ಣಿಟ್ಟಿರುತ್ತಿದ್ದರು. ಮರದ ಮೇಲೆ ಜೀವವಿರುವಾಗ ಕೆಳಗಿರುವವನಿಗೆ ಬಾಯಾರಿಕೆಯೂ ಆಗಕೂಡದೆಂದು ಅವರು ಹೇಳುತ್ತಿದ್ದುದುಂಟು. ರಾತ್ರಿ ಲಾಟೀನಿನ ಬೆಳಕಿನಲ್ಲಿ ಊರಿನ ಗಂಡಸರು ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮೇಲೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಹಂಡೆಯಲ್ಲಿ ಚೊಗರು ಕುದಿಯುತ್ತಿತ್ತು. ಬೆಂದ ಅಡಿಕೆ ಬೆಳಗಾದೊಡನೆ ಅಟ್ಟವನ್ನೇರುತ್ತಿತ್ತು. ಸುಲಿದವರ ಲೆಕ್ಕ ಅದೇ ರಾತ್ರಿ ಬರೆದಾಗಬೇಕು. ಕೂಲಿಯನ್ನು ನಾಳೆಗೆಂದು ಉಳಿಸಿಕೊಂಡು ಬೆಳಗಿನ ಪೂಜೆಗೆ ಕೂರುವುದು ಅವರಿಂದ ಆಗದ ಮಾತು. ಎಷ್ಟು ತಡವಾದರೂ ಕಿರ್ದಿಯನ್ನು ಬಿಡಿಸಿ, ಕಣ್ಣಿಗೆ ಹತ್ತಿರ ಹಿಡಿದು, ಇಂಥವರಿಗೆ ಇಷ್ಟು ಎಂದು ಹೆಸರು ಹೆಸರಾಗಿ ಬರೆದು, ಕೊಟ್ಟು, ಆಮೇಲೆ ಮಲಗುತ್ತಿದ್ದರು.

ಸಾರ್ವಜನಿಕ ಜೀವನವೆಂದು ಇಂದು ಕರೆಯುವಂತಹದು ಅವರಿಗೆ ಇರಲಿಲ್ಲ. ಆದರೂ ಕಾಲದ ದೊಡ್ಡ ಅಲೆಗಳು ಆ ಕಣಿವೆಯನ್ನು ಮುಟ್ಟದೆ ಹೋಗಲಿಲ್ಲ. 1932ರ ಕರನಿರಾಕರಣೆಯ ಚಳವಳಿಯಲ್ಲಿ ಸಿದ್ದಾಪುರ, ಅಂಕೋಲೆಗಳ ರೈತರು ತೀರ್ವೆಯನ್ನು ಕೊಡಲೊಲ್ಲೆವೆಂದು ಹಠ ಹಿಡಿದು, ಭೂಮಿ, ಪಾತ್ರೆಪಡಗ, ದನಕರುಗಳನ್ನು ಹರಾಜಿಗೆ ಒಪ್ಪಿಸಿ, ಸೆರೆಮನೆಗೂ ನಡೆದದ್ದನ್ನು ನೀವು ಶಾಲೆಯ ಪುಸ್ತಕದಲ್ಲಿ ಓದಿರಬಹುದು. ಹರಾಜಿನಲ್ಲಿ ಭೂಮಿ ಕೊಂಡವರ ಎದುರು ಉಪವಾಸ ಕೂತ ಮಾವಿನಗುಂಡಿಯ ಸ್ತ್ರೀಯರ ಧೈರ್ಯವನ್ನು ನೆನೆದು ನಮ್ಮ ಸೀಮೆಯವರು ಈಗಲೂ ತಲೆಬಾಗುತ್ತಾರೆ. ಹಾಸಿಗೆ ಹಿಡಿದ ತಾಯಿಯನ್ನೂ ಚಿಕ್ಕ ತಮ್ಮಂದಿರನ್ನೂ ಬಿಟ್ಟು ಅಜ್ಜ ಸೆರೆಮನೆಗೆ ಹೋಗಲಿಲ್ಲ. ಆದರೆ ಯಜಮಾನರು ಸೆರೆಯಲ್ಲಿದ್ದ ಎರಡು ಮನೆಗಳಿಗೆ, ಅವರು ಮರಳುವವರೆಗೂ, ರಾತ್ರಿಯ ಹೊತ್ತು ಹೆಗಲ ಮೇಲೆ ಅಕ್ಕಿ ಹೊತ್ತು ತಲುಪಿಸಿದರು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದು, ಮುಟ್ಟುಗೋಲಾದ ಭೂಮಿಗಳನ್ನು ಹಿಂದಿರುಗಿಸುವ ಏರ್ಪಾಡು ಆದಾಗ ಆ ಮನೆಗಳವರು ಅಕ್ಕಿಯ ಲೆಕ್ಕ ಕೇಳಿಕೊಂಡು ಬಂದರು. ಕಿರ್ದಿಯಲ್ಲಿ ಆ ಲೆಕ್ಕವೇ ಇರಲಿಲ್ಲ. ಪ್ರತಿ ಕಾಸನ್ನೂ ಬರೆದಿಡುವ ಮನುಷ್ಯ ಅದೊಂದನ್ನು ಬರೆದಿರಲಿಲ್ಲ.

ಇದಕ್ಕಿಂತ ಕಠಿಣವಾದ ಪರೀಕ್ಷೆ ಅವರ ಮುಪ್ಪಿನಲ್ಲಿ ಬಂದಿತು. ಭೂಸುಧಾರಣೆಯ ತಿದ್ದುಪಡಿ ಕಾಯಿದೆಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಗೆ ಕೊಟ್ಟ ಭೂಮಿಗಳೆಲ್ಲ ಸರ್ಕಾರಕ್ಕೆ ಸೇರಿ, ಉಳುವವನು 7ನೆಯ ನಮೂನೆಯ ಅರ್ಜಿ ಕೊಟ್ಟು ಭೂ ನ್ಯಾಯಮಂಡಳಿಯಿಂದ ಹಕ್ಕು ಪಡೆಯಬಹುದಾಯಿತು. ನಮ್ಮ ಗದ್ದೆಯನ್ನು ಎರಡು ತಲೆಮಾರಿನಿಂದ ಒಂದು ದೀವರ ಕುಟುಂಬ ಗೇಣಿಗೆ ಮಾಡುತ್ತಿತ್ತು. ಆ ದಿನಗಳಲ್ಲಿ ಗೇಣಿಯೇ ಇರಲಿಲ್ಲ, ಕೂಲಿಗೆ ಮಾಡಿಸುತ್ತಿದ್ದೆವು ಎಂದು ಸಾಕ್ಷಿ ಹೇಳಿಸಿದ ಒಡೆಯರು ಒಬ್ಬಿಬ್ಬರಲ್ಲ. ಅಂತಹ ಸಾಕ್ಷಿಗೆ ನಮ್ಮ ದಾಯಾದಿಗಳೂ ಸಿದ್ಧರಾಗಿದ್ದರು. ಅಜ್ಜ ಅದೇ ಕಿರ್ದಿಯನ್ನು ಹಿಡಿದುಕೊಂಡು ತಾಲ್ಲೂಕು ಕಚೇರಿಗೆ ಹೋದರು. ಯಾವ ವರ್ಷ ಎಷ್ಟು ಖಂಡುಗ ಗೇಣಿ ಬಂತೆಂಬುದನ್ನು ಓದಿ ಹೇಳಿದರು. ಇವರೇ ಉತ್ತವರೆಂದು ಒಪ್ಪಿ ರುಜು ಹಾಕಿದರು. ಮನೆಗೆ ಬಂದ ಮೇಲೆ ಎದ್ದ ಕೋಲಾಹಲಕ್ಕೆ ಅವರು ಕೊಟ್ಟ ಸಮಾಧಾನ ಇಷ್ಟೆ: “ಬೆಳಗಾದರೆ ಗಾಯತ್ರಿ ಹೇಳುವ ಬಾಯಿ ಇದು.” ಅನ್ನದ ಗದ್ದೆ ಹೋಯಿತು, ಅಂದಿನಿಂದ ಮನೆಯ ಅಕ್ಕಿ ಪೇಟೆಯಿಂದ ಬಂದಿತು. ಅಡಿಕೆಯ ದರ ಕುಸಿದು ಬೆಳೆಗಾರರು ಕಂಗೆಟ್ಟ ಕಾಲ ಅದಕ್ಕೆ ಸ್ವಲ್ಪವೇ ಹಿಂದಿನದು. ಆ ಸಂಕಟದಿಂದಲೇ ಮಂಗಳೂರಿನಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ಅಂತಹ ಹೊತ್ತಿನಲ್ಲಿ ಗದ್ದೆಯನ್ನು ಬಿಟ್ಟುಕೊಟ್ಟ ಅವರನ್ನು ಮೂರ್ಖರೆಂದವರು ಬಹಳ ಮಂದಿ. ಆ ಒಕ್ಕಲ ಮನೆಯ ಮೂರನೆಯ ತಲೆಮಾರಿನವರು ಇಂದು ಓದಿ ಉದ್ಯೋಗಸ್ಥರಾಗಿದ್ದಾರೆ. ನಮ್ಮ ಮನೆಯ ಶುಭಾಶುಭಗಳಿಗೆ ಮೊದಲು ಬರುವವರೂ ಅವರೇ.

ಇನ್ನು ಬೆಟ್ಟದ ವಿಷಯ. ತೋಟ ಬದುಕುವುದು ಸೊಪ್ಪಿನ ಬೆಟ್ಟದಿಂದ. ಆದ್ದರಿಂದಲೇ ನಮ್ಮ ಜಿಲ್ಲೆಯ ಘಟ್ಟದ ಮೇಲಣ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟಿದ್ದರು. ಅಲ್ಲಿಯ ಸೊಪ್ಪು, ದರಕುಗಳು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ಮರಗಳ ಬುಡ ಸೇರಬೇಕು. ಹಕ್ಕಿದೆಯೆಂದು ಬೆಟ್ಟವನ್ನು ಬೋಳು ಮಾಡಿದವರು ಉಂಟು. ಅಜ್ಜನ ಪದ್ಧತಿ ಬೇರೆ: ಕೆಳಗಿನ ಕೊಂಬೆಗಳನ್ನು ಮಾತ್ರ ಸವರುವುದು, ತುದಿಯನ್ನು ಮುಟ್ಟದಿರುವುದು, ಈ ವರ್ಷ ಸವರಿದ ಮರವನ್ನು ಮರುವರ್ಷ ಬಿಟ್ಟುಬಿಡುವುದು. ಕತ್ತಿ ಹಾಕುವ ಮುನ್ನ ಮರದ ಬುಡವನ್ನು ಮುಟ್ಟಿ ನಮಸ್ಕರಿಸುವುದು ಅವರ ರೂಢಿ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಕಾಡಿಗೆ ನಡೆದು, ಕಡಿಯಲಿದ್ದ ಮರಗಳನ್ನು ಅಪ್ಪಿ ನಿಂತು, ಅಪ್ಪಿಕೋ ಚಳವಳಿಯನ್ನು ಆರಂಭಿಸಿದ ಸುದ್ದಿ ಬಂದಾಗ ಅಜ್ಜನಿಗೆ ನಡೆಯುವ ಶಕ್ತಿ ಇರಲಿಲ್ಲ. ಸುದ್ದಿಯನ್ನು ಎರಡೆರಡು ಬಾರಿ ಓದಿಸಿ ಕೇಳಿದರು. ಮಾರನೆಯ ದಿನ ಮೊಮ್ಮಕ್ಕಳನ್ನು ಕರೆದು ನಮ್ಮ ಬೆಟ್ಟದ ಗಡಿಯನ್ನೂ ಅದರೊಳಗಣ ದೊಡ್ಡ ಮರಗಳ ಹೆಸರನ್ನೂ ಒಂದೊಂದಾಗಿ ಬಾಯಿಪಾಠ ಮಾಡಿಸಿದರು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಈ ಪತ್ರ ಸ್ತುತಿಪಾಠವಾದೀತು. ಹಿರಿಯರನ್ನು ಪ್ರೀತಿಸುವವನು ಅವರ ಕೊರತೆಯನ್ನೂ ಹೇಳಬೇಕು; ಇಲ್ಲದಿದ್ದರೆ ಆ ಕೊರತೆಯೂ ಪಿತ್ರಾರ್ಜಿತದ ಜೊತೆಗೆ ನಿಮ್ಮ ಪಾಲಿಗೆ ಬರುತ್ತದೆ. ಅಜ್ಜನ ಕಿರ್ದಿಯಲ್ಲಿ ನಮ್ಮ ತೋಟದಲ್ಲಿ ಒಂದು ದಿನ ದುಡಿದವನ ಹೆಸರೂ ಇದೆ. ಆ ಮನೆಯಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ದುಡಿದ ಅಜ್ಜಿಯ ಹೆಸರು ಎಲ್ಲಿಯೂ ಇಲ್ಲ. ಅಜ್ಜ ತಣ್ಣೀರಿನಲ್ಲಿ ಮಿಂದು ಪೂಜೆಗೆ ಕೂರುವಷ್ಟರಲ್ಲಿ ಅಜ್ಜಿ ಕೊಟ್ಟಿಗೆಯ ಸಗಣಿ ತೆಗೆದು, ಹಾಲು ಕರೆದು, ಗಂಧ ತೇಯ್ದು, ನೈವೇದ್ಯಕ್ಕೆ ಒಲೆ ಹೊತ್ತಿಸಿರುತ್ತಿದ್ದರು. ಸುಲಿಯುವ ರಾತ್ರಿ ಎಲ್ಲರೂ ಮಲಗಿದ ಮೇಲೂ ಹಂಡೆಯ ಉರಿಯನ್ನು ನೋಡಿಕೊಳ್ಳುವವರು ಅವರೇ. ಎಳೆಯ ವಯಸ್ಸಿನಲ್ಲಿ ವಿಧವೆಯಾಗಿ ತವರಿಗೆ ಬಂದ ಅಜ್ಜನ ತಂಗಿಗೆ ಮನೆಯಲ್ಲಿ ಅನ್ನವಿತ್ತು, ಗೌರವವಿತ್ತು. ಆಕೆಗೂ ಒಂದು ಬಾಳು ಇರಬಹುದಿತ್ತೆಂಬ ವಿಚಾರ ಅಷ್ಟೊಂದು ನ್ಯಾಯನಿಷ್ಠರಾದ ಅಣ್ಣನಿಗೆ ಹೊಳೆಯಲಿಲ್ಲ. ಮರದ ಮೇಲಿರುವ ಜೀವಕ್ಕಾಗಿ ಬಾಯಾರಿಕೆಯನ್ನು ಮರೆತು ನಿಲ್ಲುತ್ತಿದ್ದವರೇ, ಆ ಜೀವ ಕೆಳಗಿಳಿದ ಮೇಲೆ ಅದಕ್ಕೆ ಅಂಗಳದ ಅಂಚಿನಲ್ಲಿ ಬಾಳೆಲೆ ಹಾಕಿಸುತ್ತಿದ್ದರು. ಜಗಲಿಯ ಮೆಟ್ಟಿಲನ್ನು ಹತ್ತಿಸುತ್ತಿರಲಿಲ್ಲ. ಕಾಲ ಹಾಗಿತ್ತೆಂದು ಹೇಳಿ ನಾನು ಇದನ್ನು ಮುಚ್ಚುವುದಿಲ್ಲ. ಮದ್ದಿನ ವಿಷಯದಲ್ಲಿ, ಗದ್ದೆಯ ವಿಷಯದಲ್ಲಿ ಕಾಲವನ್ನೂ ರೂಢಿಯನ್ನೂ ಎದುರಿಸಿ ನಡೆದ ಭಕ್ತಿಯು ಈ ಎಡೆಗಳಲ್ಲಿ ನಡೆಯದೆ ನಿಂತಿತು. ಅವರು ಎಲ್ಲಿ ನಿಂತರೋ ಅಲ್ಲಿಂದ ಮುಂದಕ್ಕೆ ನಡೆಯುವ ಹೊಣೆ ನಮ್ಮದು.

ಅಂತ್ಯಕಾಲದ ವಿಷಯದಲ್ಲಿ ಹೇಳಬೇಕಾದ್ದು ಹೆಚ್ಚಿಲ್ಲ. ಅವರು ಹಾಸಿಗೆ ಹಿಡಿದದ್ದು ಸ್ವಲ್ಪ ಕಾಲ. ಹಾಸಿಗೆ ಹಿಡಿಯುವುದಕ್ಕೆ ಮುಂಚಿನ ಮಳೆಗಾಲದಲ್ಲಿಯೂ ಖಾಲಿ ಬಿದ್ದ ಕಡೆಗಳಲ್ಲಿ ಅಡಿಕೆಯ ಸಸಿ ನೆಡಿಸಿದ್ದರು. ನೆಟ್ಟ ಅಡಿಕೆ ಫಲಕ್ಕೆ ಬರುವುದಕ್ಕೆ 5ರಿಂದ 8 ವರ್ಷ ಬೇಕೆಂಬುದು ಅವರಿಗೆ ತಿಳಿಯದ ವಿಷಯವಲ್ಲ. ನೀವು ಮಾರಬೇಕೆಂದಿರುವ ತೋಟಗಳಲ್ಲಿ ಅಂತಹ ಮರಗಳು ಎಷ್ಟಿವೆಯೆಂದು ಒಮ್ಮೆ ಕೇಳಿ ನೋಡಿರಿ.

ಪ್ರಿಯ ಕಿರಿಯರೆ, ತೋಟವನ್ನು ಮಾರಲೇಬಾರದೆಂದು ನಾನು ವಿಧಿಸಲಾರೆ. ನಿಮ್ಮ ಕಷ್ಟ ನಿಮಗೆ ಗೊತ್ತು. ಕೆಲಸಕ್ಕೆ ಜನ ಸಿಗದ, ಮರವೇರುವವರು ವಿರಳರಾದ, ರೋಗಗಳು ಹೆಚ್ಚಿದ ಈ ಕಾಲದಲ್ಲಿ ದೂರದಲ್ಲಿದ್ದುಕೊಂಡು ತೋಟ ನೋಡುವುದು ಸುಲಭವಲ್ಲವೆಂಬುದನ್ನು ನಾನು ಬಲ್ಲೆ. ಹೊಲ ಗದ್ದೆಗಳನ್ನು ಬಿಟ್ಟು ಬೇರೆ ಉದ್ಯೋಗ ಹಿಡಿದ ಮಾತ್ರಕ್ಕೆ ನೀವು ಹಿರಿಯರಿಗೆ ದ್ರೋಹ ಬಗೆದಿರೆಂದು ಯಾರಾದರೂ ಹೇಳಿದರೆ ಅದನ್ನು ನಂಬಬೇಡಿರಿ. ತನ್ನ ಪಾಲಿನ ಕೆಲಸವನ್ನು ತಾನೇ ಮಾಡಿ ಮುಗಿಸುವುದು, ಕೂಲಿಯವನ ಹಣವನ್ನು ಸೂರ್ಯೋದಯಕ್ಕೆ ಉಳಿಸಿಕೊಳ್ಳದಿರುವುದು, ತನಗೆ ನಷ್ಟವಾದರೂ ಬರೆದ ಲೆಕ್ಕಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿಯದಿರುವುದು, ಇವುಗಳನ್ನು ಅಡಿಕೆಯ ತೋಟದಲ್ಲಿ ಆಚರಿಸಿದಂತೆಯೇ ಕಚೇರಿಯ ಮೇಜಿನಲ್ಲಿಯೂ, ಆಸ್ಪತ್ರೆಯಲ್ಲಿಯೂ, ಕಾರ್ಖಾನೆಯಲ್ಲಿಯೂ ಆಚರಿಸಬಹುದು. ಅಜ್ಜ ನಮಗೆ ಬಿಟ್ಟುಹೋದ ಆಸ್ತಿಯಲ್ಲಿ ಹಿಸ್ಸೆಯಾಗದ ಭಾಗ ಇದು. ಇದನ್ನು ಪ್ರತಿಯೊಬ್ಬರೂ ಪೂರ್ತಿಯಾಗಿ ಪಡೆಯಬಹುದು, ಯಾರ ಪಾಲೂ ಕಡಮೆಯಾಗುವುದಿಲ್ಲ.

ಆದರೆ ನಿರ್ಧಾರ ಮಾಡುವುದಕ್ಕೆ ಮುಂಚೆ ನಿಮ್ಮಲ್ಲಿ ನಾನು ಬೇಡುವುದು ಮೂರು. ಒಂದನೆಯದು: ಹಬ್ಬದ ದಿನಗಳಲ್ಲಲ್ಲ, ಮಳೆಗಾಲದಲ್ಲಿ, ಮದ್ದು ಹೊಡೆಯುವ ಹೊತ್ತಿಗೆ, ಮಕ್ಕಳನ್ನು ಕರೆದುಕೊಂಡು ಊರಿಗೆ ಬನ್ನಿರಿ. ಹಿರಿಯರು ಯಾವುದರ ನಡುವೆ ದೇವರನ್ನು ನೆನೆದರೆಂಬುದನ್ನು ಆ ಮಕ್ಕಳು ಕಾಲಿನ ಕೆಸರಿನೊಡನೆ ತಿಳಿಯಲಿ. ಎರಡನೆಯದು: ಅಟ್ಟದ ಮೇಲೆ ಹುಳ ಹಿಡಿಯುತ್ತಿರುವ ಕಿರ್ದಿಗಳನ್ನೂ ಹಳೆಯ ಕಾಗದಗಳನ್ನೂ ಇಳಿಸಿ, ಓದಿ, ಪ್ರತಿ ಮಾಡಿ ಇಟ್ಟುಕೊಳ್ಳಿರಿ, ಅವನ್ನು ಓದಿ ಅರ್ಥ ಹೇಳಬಲ್ಲವರು ಇರುವಾಗಲೇ ಅವರ ಬಾಯಿಂದ ಕೇಳಿ ಬರೆದುಕೊಳ್ಳಿರಿ. ಮೂರನೆಯದು: ಹಾಗೆ ಬರೆಯುವಾಗ ಆ ಕಿರ್ದಿಗಳಲ್ಲಿ ಬಿಟ್ಟುಹೋದ ಹೆಸರುಗಳನ್ನು ಸೇರಿಸಿರಿ. ನಿಮ್ಮ ಅಜ್ಜಿಯಂದಿರ ಹೆಸರು, ತವರಿನಲ್ಲಿಯೇ ಬಾಳು ಸವೆಸಿದ ಅತ್ತೆಯಂದಿರ ಹೆಸರು, ನಿಮ್ಮ ತೋಟದ ಮರಗಳನ್ನು ಏರಿ ಇಳಿದವರ ಹೆಸರು, ಅವರ ಊರು, ಅವರ ಮಕ್ಕಳು ಈಗ ಎಲ್ಲಿದ್ದಾರೆಂಬ ವಿವರ, ಇವೆಲ್ಲ ಅದರಲ್ಲಿ ಬರಲಿ. ಸಾಧ್ಯವಾದರೆ ಆ ಮಕ್ಕಳನ್ನು ಕಂಡು ಮಾತನಾಡಿ ಬನ್ನಿರಿ, ಕರೆದು ಜಗಲಿಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಿರಿ.

ಇಷ್ಟನ್ನು ಮಾಡಿದ ಮೇಲೆ ತೋಟವನ್ನು ಇಟ್ಟುಕೊಳ್ಳಿರಿ, ಮಾರಿರಿ, ಯಾರಿಗಾದರೂ ಒಪ್ಪಿಸಿರಿ. ನಿಮ್ಮ ತೀರ್ಮಾನವನ್ನು ನಾನು ಗೌರವಿಸುತ್ತೇನೆ. ಇದನ್ನು ಮಾಡದೆ ರುಜು ಹಾಕಬೇಡಿರಿ.

ಇತಿ ಆಶೀರ್ವಾದಗಳೊಡನೆ,
ಘಟ್ಟದ ಮೇಲಣ ಮನೆಯೊಂದರ ಹಿರಿಯ